ವಿಮಾನಕ್ಕೆ ಕಾವಲು ಸಿಕ್ಕಿತು, ಕೂರಿಗೆಗೆ ಹತ್ತು ಗುಂಟೆ ಸಿಗಲಿ

ಚಳ್ಳಕೆರೆ ಸೀಮೆಯ ನಮಗೆ ಪೈಲಟ್ ಇಲ್ಲದ ವಿಮಾನ ಹೊಸದಲ್ಲ. ಇಲ್ಲಿನ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಓಗೆ 4 ಸಾವಿರಕ್ಕೂ ಹೆಚ್ಚು ಎಕರೆ ಸಿಕ್ಕಿತು. 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆ ಆಯಿತು. 2019ರ ಸೆಪ್ಟೆಂಬರಿನಲ್ಲಿ ಒಂದು ವಿಮಾನ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು. 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹೊಲದಲ್ಲಿ ಬಿತ್ತು. ಬಿತ್ತು ಅಂತ ಯಾರೂ ಕೇಂದ್ರಕ್ಕೆ ಬೀಗ ಹಾಕಲಿಲ್ಲ, ಹಾಕಲೂಬಾರದು. ಬೀಳದೆ ಯಂತ್ರ ಸುಧಾರಿಸೋದಿಲ್ಲ.

ಇದೇ ಅವಕಾಶ ನಮ್ಮೂರ ವೆಲ್ಡಿಂಗ್ ಅಂಗಡಿ ಹುಡುಗನಿಗೆ ಯಾಕಿಲ್ಲ ಅನ್ನೋದು ನನ್ನ ಪ್ರಶ್ನೆ.

ಹ್ಯಾರಿ ಫರ್ಗ್ಯುಸನ್ ಅಂತ ಐರ್ಲೆಂಡಿನ ಒಬ್ಬ ರೈತನ ಮಗ. ಅವನ ಕೈ ಪಳಗಿದ್ದು ಬೆಲ್‌ಫಾಸ್ಟಿನಲ್ಲಿ ಅಣ್ಣನ ರಿಪೇರಿ ಅಂಗಡಿಯಲ್ಲಿ. 1909ರಲ್ಲಿ ವಿಮಾನ ಮೇಳಗಳಿಗೆ ಹೋಗಿ, ಯಂತ್ರಗಳ ಅಳತೆ ತೆಗೆದುಕೊಂಡು ಬಂದು, ತಾನೇ ಒಂದು ವಿಮಾನ ಕಟ್ಟಿದ. ಅದೇ ವರ್ಷ ಡಿಸೆಂಬರ್ 31ರಂದು ಹಿಲ್ಸ್‌ಬರೋ ಊರಿನ ದೊಡ್ಡ ಜಮೀನುದಾರರೊಬ್ಬರ ಬಯಲಿನಲ್ಲಿ ಸುಮಾರು 130 ಗಜ ಹಾರಿಸಿದ. ಆಗ ಅವನಿಗೆ 25 ವರ್ಷ. ಐರ್ಲೆಂಡಿನಲ್ಲಿ ಎಂಜಿನ್ ವಿಮಾನ ಹಾರಿದ್ದು ಅದೇ ಮೊದಲು.

ಅದೇ ಕೈ ಮುಂದೆ ನೇಗಿಲಿಗೆ ಬಂತು. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿಯಂತೆ ಹಿಂದೆ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕರೆ ಮುಂಭಾಗ ಮೇಲೆದ್ದು, ಟ್ರ್ಯಾಕ್ಟರ್ ಚಾಲಕನ ಮೇಲೇ ಮಗುಚುತ್ತಿತ್ತು. ಫರ್ಗ್ಯುಸನ್ ಕೆಳಗೆರಡು, ಮೇಲೊಂದು ತೋಳು ಕೊಟ್ಟು ನೇಗಿಲು, ಟ್ರ್ಯಾಕ್ಟರ್ ಎರಡನ್ನೂ ಒಂದೇ ಯಂತ್ರ ಮಾಡಿದ. ಎತ್ತಿ ಇಳಿಸಲು ಹೈಡ್ರಾಲಿಕ್ ಸೇರಿಸಿದ. ಈಗ ನಾವು ಬಾಡಿಗೆಗೆ ಕರೆಯೋ ಟ್ರ್ಯಾಕ್ಟರಿನ ಹಿಂದೆ ನೋಡಿ, ಅದೇ ಮೂರು ತೋಳು. ಮ್ಯಾಸ್ಸಿ ಫರ್ಗ್ಯುಸನ್ ಅನ್ನೋ ಹೆಸರಿನಲ್ಲಿರೋದೂ ಇವನೇ.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕೆಂಪು ನೆಲ. ಶೇಂಗಾ ಬಿತ್ತನೆಗೆ ಹದ ಸಿಗೋದು ಕೆಲವೇ ದಿನ. ಆ ಹೊತ್ತಲ್ಲಿ ಹೊಸ ಕೂರಿಗೆ ಹಿಡಿದು ಬಂದವನಿಗೆ "ಮೊದಲು ಬೇರೆಯವರ ಹೊಲದಲ್ಲಿ ನೋಡು" ಅಂತೀವಿ. ಅದು ತಪ್ಪೂ ಅಲ್ಲ. ಬೀಜ, ಬಾಡಿಗೆ ಎಲ್ಲಾ ಸಾಲದ್ದು. ಒಬ್ಬನೇ ಆ ನಷ್ಟ ಹೊರಲಾರ.

ಅದಕ್ಕೇ ಊರಿಗೆ ಹತ್ತು ಜನ ಸೇರೋಣ. ಒಬ್ಬರು ಹತ್ತು ಗುಂಟೆ ಬಿಡಲಿ, ಉಳಿದವರು ಬೀಜದ ಖರ್ಚು ಹಂಚಿಕೊಳ್ಳಲಿ. ಸಾಲಿನ ಅಂತರ, ಬೀಜ ಬಿದ್ದ ಆಳ, ಮುರಿದ ಭಾಗ ಎಲ್ಲಾ ಬರೆದಿಡೋಣ. ಚೆನ್ನಾಗಿ ಬಂದದ್ದನ್ನು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರು ಒಂದು ಹಂಗಾಮು ಪರೀಕ್ಷಿಸಲಿ. ಗೆದ್ದರೆ ಇಲಾಖೆ ಅದನ್ನೂ ಸಹಾಯಧನದ ಪಟ್ಟಿಗೆ ಸೇರಿಸಲಿ.

ಗೆದ್ದದ್ದನ್ನೂ ಸೋತದ್ದನ್ನೂ ಈ ಪತ್ರಿಕೆಗೆ ಅಳತೆ ಸಮೇತ ಬರೆಯಿರಿ. ಇನ್ನೊಂದು ಊರಿನ ಹುಡುಗ ಅಲ್ಲಿಂದ ಮುಂದೆ ಶುರು ಮಾಡ್ತಾನೆ.