ಮೊದಲು ಪಟ್ಟಿ, ಆಮೇಲೆ ಫೋನ್

ಬೋಧನಾಭ್ಯಾಸದ ದಿನಗಳು ಹತ್ತಿರವಾದಂತೆ ಪ್ರಶಿಕ್ಷಣಾರ್ಥಿಗಳ ನಡುವೆ ಒಂದು ಪ್ರಶ್ನೆ ಓಡಾಡುತ್ತದೆ: ಯಾವ ಫೋನ್ ಕೊಳ್ಳಬೇಕು? ಪ್ರಶ್ನೆಯ ಹಿಂದಿನ ಅಗತ್ಯ ನಿಜವಾದದ್ದೇ. ಎನ್‌ಸಿಟಿಇಯ 2014ರ ನಿಯಮಗಳು ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಶಾಲಾ ಇಂಟರ್ನ್‌ಶಿಪ್‌ಗೆ 20 ವಾರಗಳನ್ನು ಮೀಸಲಿಟ್ಟವು. ಪಾಠಯೋಜನೆ, ಬೋಧನೋಪಕರಣ, ಸಹಪಾಠಿಗಳ ಪಾಠದ ಅವಲೋಕನ, ಘಟಕ ಪರೀಕ್ಷೆಯ ನೀಲನಕ್ಷೆ, ಕ್ರಿಯಾ ಸಂಶೋಧನೆ ಹೀಗೆ ಒಂದೊಂದಕ್ಕೂ ಒಂದೊಂದು ಗಡುವು. ರಾತ್ರಿ ಲ್ಯಾಪ್‌ಟಾಪಿನಲ್ಲಿ ಬರೆದ ಕೆಲಸಗಳ ಪಟ್ಟಿ ಬೆಳಿಗ್ಗೆ ಮಾನ್ವಿ ಬಸ್ಸಿನಲ್ಲಿ ಕೈಗೆ ಸಿಗಬೇಕು. ಮಾರ್ಗದರ್ಶಕ ಶಿಕ್ಷಕರು ಮಧ್ಯಾಹ್ನ ಹೇಳಿದ ತಿದ್ದುಪಡಿ ಸಂಜೆ ಲ್ಯಾಪ್‌ಟಾಪಿನಲ್ಲಿ ಕಾಣಬೇಕು.

ಆದರೆ ಮೊದಲು ಆರಿಸಬೇಕಾದದ್ದು ಫೋನನ್ನಲ್ಲ, ಪಟ್ಟಿ ಇಡುವ ಆ್ಯಪನ್ನು ಎಂಬುದು ನನ್ನ ಅಭಿಪ್ರಾಯ. ಕ್ಯಾಮೆರಾ, ಬಣ್ಣ, ರಿಯಾಯಿತಿ ನೋಡಿ ಫೋನ್ ಕೊಂಡು, ಆಮೇಲೆ ಅದನ್ನು ಲ್ಯಾಪ್‌ಟಾಪಿಗೆ ಹೊಂದಿಸಲು ಹೆಣಗುವುದು ಉದ್ದೇಶವನ್ನೇ ಬರೆಯದೆ ಪಾಠಯೋಜನೆ ತಯಾರಿಸಿದಂತೆ.

ಆ್ಯಪ್ ಆರಿಸುವಾಗ ಮೊದಲ ಪ್ರಶ್ನೆ ನೆಟ್‌ವರ್ಕ್. ರಾಯಚೂರು ನಗರದಲ್ಲಿ ಸಿಗುವ ಸಿಗ್ನಲ್ ದೇವದುರ್ಗ ತಾಲ್ಲೂಕಿನ ಎಲ್ಲ ಹಳ್ಳಿಗಳಲ್ಲೂ ಸಿಗುತ್ತದೆಂದು ನಂಬಿ ಹೊರಡಬಾರದು. ಇಂಟರ್ನೆಟ್ ಇಲ್ಲದಾಗಲೂ ಪಟ್ಟಿ ತೆರೆಯಬೇಕು, ಹೊಸ ಕೆಲಸ ಸೇರಿಸಲು ಬರಬೇಕು, ಸಿಗ್ನಲ್ ಬಂದ ಮೇಲೆ ತಾನೇ ಸಿಂಕ್ ಆಗಬೇಕು. ಗೂಗಲ್ ಟಾಸ್ಕ್ಸ್‌ಗೆ ಫೋನಿನಲ್ಲಿ ಆ್ಯಪ್ ಇದೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಅದನ್ನು ಬ್ರೌಸರಿನಲ್ಲೇ ತೆರೆಯಬೇಕು. ಮೈಕ್ರೋಸಾಫ್ಟ್ ಟು ಡೂಗೆ ವಿಂಡೋಸ್‌ನಲ್ಲೂ ಆ್ಯಪ್ ಇದೆ. ಐಫೋನಿನ ರಿಮೈಂಡರ್ಸ್‌ಗೆ ವಿಂಡೋಸ್ ಆ್ಯಪ್ ಇಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಇರುವವರು ಇದನ್ನು ಗಮನಿಸಲಿ.

ಎರಡನೆಯದು ಕನ್ನಡ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಫೋನಿಗೆ ಕಳಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇಲ್ಲ. ಇದು ಎಷ್ಟು ದುಬಾರಿ ಫೋನ್ ಕೊಂಡರೂ ಬಗೆಹರಿಯದ ಸಮಸ್ಯೆ, ಬರೆಯುವ ರೂಢಿಯನ್ನೇ ಬದಲಿಸಬೇಕು.

ಮೂರನೆಯದು ಪಟ್ಟಿಯನ್ನು ಹೊರತೆಗೆಯುವ ಅವಕಾಶ. ಬಹುಜನಪ್ರಿಯವಾಗಿದ್ದ ವಂಡರ್‌ಲಿಸ್ಟ್ ಆ್ಯಪನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಆ್ಯಪ್‌ಗಳು ಬರುತ್ತವೆ, ಹೋಗುತ್ತವೆ. ನಮ್ಮ ಬರಹ ನಮ್ಮ ಬಳಿ ಉಳಿಯಬೇಕು.

ಇಷ್ಟಾದ ಮೇಲೆ ಫೋನಿನ ಮಾತು. ಕೆಲವು ಫೋನ್‌ಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಆಗ ಸಿಂಕ್ ಆಗುವುದಿಲ್ಲ, ನೆನಪೋಲೆಯೂ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ವಿನಾಯಿತಿ ಕೊಡಬಹುದು. ಹೊಸ ಫೋನಾದರೆ ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆಂದು ಕೇಳಿ. ದಿನವಿಡೀ ಬಾಳುವ ಬ್ಯಾಟರಿ ಇರಲಿ. ಆದರೆ ಮೊದಲು ಈಗಿರುವ ಫೋನನ್ನೇ ಒಂದು ವಾರ ಪರೀಕ್ಷಿಸಿ. ಏರೋಪ್ಲೇನ್ ಮೋಡ್‌ನಲ್ಲಿಟ್ಟು ಐದು ಕೆಲಸ ಬರೆಯಿರಿ, ನೆಟ್ ಹಾಕಿ, ಲ್ಯಾಪ್‌ಟಾಪಿನಲ್ಲಿ ನೋಡಿ. ಐದೂ ಬಂದಿದ್ದರೆ ಹೊಸ ಫೋನಿಗಾಗಿ ಕಂತು ಕಟ್ಟುವ ಅಗತ್ಯವೇ ಇಲ್ಲ.

ಇದಕ್ಕೆಲ್ಲ ಒಂದು ಡೈರಿ ಸಾಲದೇ ಎಂದು ಹಿರಿಯರು ಕೇಳಬಹುದು. ಡೈರಿಯಿಂದಲೇ ಕೆಲಸ ಸಾಗುತ್ತಿದ್ದರೆ ಅದನ್ನು ಬಿಡಬೇಕಿಲ್ಲ. ತೊಂದರೆ ಇರುವುದು ಅರ್ಧ ಡೈರಿಯಲ್ಲಿ, ಅರ್ಧ ವಾಟ್ಸ್‌ಆ್ಯಪ್‌ನಲ್ಲಿ, ಉಳಿದದ್ದು ಲ್ಯಾಪ್‌ಟಾಪಿನಲ್ಲಿ ಹಂಚಿಹೋದಾಗ. ಹಾಗೆ ಹಂಚಿಹೋದ ಪಟ್ಟಿಯಲ್ಲಿ ಒಂದು ಸಾಲು ಕಣ್ತಪ್ಪಿದರೆ ನಷ್ಟ ನಮ್ಮೊಬ್ಬರದಲ್ಲ. ಚಾರ್ಟ್ ಇಲ್ಲದೆ, ತಯಾರಿ ಇಲ್ಲದೆ ನಡೆದ ಆ ಅವಧಿ ಮಕ್ಕಳಿಗೆ ಮತ್ತೆ ಸಿಗುವುದಿಲ್ಲ. ಪಟ್ಟಿ ಒಂದೇ ಇರಲಿ, ಅದು ಎರಡೂ ಕಡೆ ಕಾಣಲಿ. ಅಷ್ಟನ್ನು ಮಾಡಿಕೊಡುವ ಫೋನ್ ಯಾವುದಾದರೂ ಸರಿ.