ಒಡೆಯನಿರುವ ಊರು

ಊರೆಂಬುದು ಯಾರದು? ಅಲ್ಲಿ ಹುಟ್ಟಿ, ಬೆಳೆದು, ಬಾಳುವವರದೆಂದು ಯಾರಾದರೂ ಥಟ್ಟನೆ ಉತ್ತರ ಕೊಟ್ಟಾರು. ಆದರೆ ಬೀದಿ, ದೀಪ, ನಲ್ಲಿ, ಉದ್ಯಾನ, ಅಂಗಡಿ, ಕೊನೆಗೆ ದೇವಮಂದಿರವೂ ಒಂದೇ ಕಂಪನಿಯ ಸ್ವತ್ತಾಗಿರುವ ಊರುಗಳು ಲೋಕದಲ್ಲಿ ಇದ್ದವು. ಹೊಸದಾಗಿ ಹುಟ್ಟುತ್ತಲೂ ಇವೆ. ಅಂಥ ಊರಿನಲ್ಲಿ ವಾಸಿಸುವವನು ಪೌರನೋ, ಬಾಡಿಗೆದಾರನೋ, ನೌಕರನೋ ಎಂಬ ಪ್ರಶ್ನೆ ಎದ್ದಾಗ ಮೇಲಿನ ಉತ್ತರ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಅಮೆರಿಕದ ಷಿಕಾಗೋ ನಗರದ ದಕ್ಷಿಣಕ್ಕೆ 1880ರಲ್ಲಿ ಇಂಥದೊಂದು ಊರು ತಲೆಯೆತ್ತಿತು. ರೈಲಿನಲ್ಲಿ ಮಲಗಿ ಪ್ರಯಾಣ ಮಾಡಲು ಅನುಕೂಲವಾದ ಬೋಗಿಗಳನ್ನು ತಯಾರಿಸಿ ಹೆಸರಾಗಿದ್ದ ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ತನ್ನ ಕಾರ್ಖಾನೆಯೊಡನೆ ಕಾರ್ಮಿಕರಿಗಾಗಿ ಊರನ್ನೂ ಕಟ್ಟಿಸಿದನು. ಆ ಕಾಲದ ಷಿಕಾಗೋ ನಗರದ ಕಾರ್ಮಿಕರ ಕೇರಿಗಳು ಕೊಳಕಿಗೂ ರೋಗಕ್ಕೂ ಮನೆಯಾಗಿದ್ದವು. ಪುಲ್‌ಮನ್ ಊರಿನಲ್ಲಾದರೋ ಇಟ್ಟಿಗೆಯ ಅಚ್ಚುಕಟ್ಟಾದ ಮನೆಗಳು, ಮನೆಗಳಿಗೆ ನಲ್ಲಿಯ ನೀರು, ಒಳಚರಂಡಿ, ಸಾಲುಮರಗಳ ಬೀದಿ, ಗ್ರಂಥಾಲಯ, ನಾಟಕಮಂದಿರ ಎಲ್ಲವೂ ಇದ್ದವು. ಯಜಮಾನನ ಮಗಳ ಹೆಸರಿಟ್ಟ ಸೊಗಸಾದ ಹೋಟೆಲೊಂದೂ ಇತ್ತು. ದೂರದೂರದಿಂದ ಜನ ಬಂದು ನೋಡಿ ಮೆಚ್ಚಿದರು. ಆ ಮೆಚ್ಚುಗೆ ಸುಳ್ಳೇನೂ ಅಲ್ಲ.

ಆದರೆ ಆ ಮನೆಗಳಲ್ಲಿ ಒಂದನ್ನಾದರೂ ಕೊಂಡುಕೊಳ್ಳುವ ಅವಕಾಶ ಅಲ್ಲಿ ವಾಸಿಸುವವರಿಗೆ ಇರಲಿಲ್ಲ. ಹತ್ತು ದಿನಗಳ ಸೂಚನೆ ಕೊಟ್ಟು ಕಂಪನಿ ಯಾರನ್ನು ಬೇಕಾದರೂ ಮನೆಯಿಂದ ಹೊರಡಿಸಬಹುದಾಗಿತ್ತು. ಗ್ರಂಥಾಲಯಕ್ಕೆ ಚಂದಾ ತೆರಬೇಕಾಗಿತ್ತು. ಸುಂದರವಾದ ಒಂದು ಇಗರ್ಜಿಯನ್ನು ಕಟ್ಟಿಸಿದ ಕಂಪನಿಯು ಅದಕ್ಕೂ ಬಾಡಿಗೆ ಗೊತ್ತುಮಾಡಿತು. ಅಷ್ಟು ಹಣ ತೆರಲು ಯಾವ ಪಂಗಡಕ್ಕೂ ಶಕ್ತಿಯಿಲ್ಲದೆ ಅದು ಬಹುಕಾಲ ಬರಿದಾಗಿ ನಿಂತಿತು. ದೇವರ ಮನೆಯೂ ಲಾಭ ತರಬೇಕೆಂಬ ಲೆಕ್ಕಾಚಾರಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? 1885ರಲ್ಲಿ ರಿಚರ್ಡ್ ಈಲಿ ಎಂಬ ಅರ್ಥಶಾಸ್ತ್ರಜ್ಞರು ಊರನ್ನು ಕಣ್ಣಾರೆ ಕಂಡು, ಅದರ ಅಂದವನ್ನು ಹೊಗಳಿ, ಜೊತೆಯಲ್ಲೇ ಇದು ಸದುದ್ದೇಶದ ಪಾಳೆಯಗಾರಿಕೆಯೆಂಬ ಅರ್ಥ ಬರುವಂತೆ ಬರೆದರು. ಜನರಿಗಾಗಿ ಎಲ್ಲವನ್ನೂ ಮಾಡಲಾಗಿತ್ತು, ಜನರಿಂದ ಏನೂ ಆಗಿರಲಿಲ್ಲ.

ಸುಭಿಕ್ಷದ ದಿನಗಳಲ್ಲಿ ಈ ಕೊರತೆ ಯಾರಿಗೂ ಅಷ್ಟಾಗಿ ಚುಚ್ಚಲಿಲ್ಲ. 1893ರಲ್ಲಿ ಅಮೆರಿಕದ ವ್ಯಾಪಾರ ಕುಸಿಯಿತು. ಪುಲ್‌ಮನ್ ಕಂಪನಿ ಕಾರ್ಮಿಕರ ಕೂಲಿಯನ್ನು ಸುಮಾರು ಕಾಲುಭಾಗದಷ್ಟು ಇಳಿಸಿತು. ಮನೆಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಷೇರುದಾರರಿಗೆ ಲಾಭಾಂಶ ಮೊದಲಿನಂತೆಯೇ ಸಂದಾಯವಾಗುತ್ತಿತ್ತು. ಕೂಲಿ ಕೊಡುವವನೂ ಬಾಡಿಗೆ ಕೇಳುವವನೂ ಒಬ್ಬನೇ ಆದಾಗ ಬಡವನು ಯಾರ ಬಳಿ ದೂರು ಹೇಳಬೇಕು? ಬಾಡಿಗೆ ಕಳೆದ ಮೇಲೆ ಕೆಲವರ ಕೈಗೆ ಬಂದದ್ದು ಬೆರಳೆಣಿಕೆಯ ಸೆಂಟುಗಳು. ಅಹವಾಲು ಹೊತ್ತುಹೋದ ನಿಯೋಗದಲ್ಲಿದ್ದ ಮೂವರು ಕೆಲಸ ಕಳೆದುಕೊಂಡರು. 1894ರ ಮೇ 11ರಂದು ಮುಷ್ಕರ ಆರಂಭವಾಯಿತು. ಯೂಜೀನ್ ಡೆಬ್ಸ್ ಅವರ ರೈಲ್ವೆ ಕಾರ್ಮಿಕ ಸಂಘ ಬೆಂಬಲಕ್ಕೆ ನಿಂತು, ಪುಲ್‌ಮನ್ ಬೋಗಿ ಇರುವ ರೈಲುಗಳನ್ನು ಮುಟ್ಟಲೊಲ್ಲೆವೆಂದಿತು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೈನ್ಯವನ್ನೇ ಕಳುಹಿಸಿದರು. ಗುಂಡು ಹಾರಿತು, ಪ್ರಾಣಗಳು ಹೋದವು, ಮುಷ್ಕರ ಮುರಿಯಿತು. ಆಮೇಲೆ ನೇಮಕವಾದ ವಿಚಾರಣಾ ಆಯೋಗವು ಆ ಊರಿನ ಬಾಡಿಗೆ ಷಿಕಾಗೋದ ಅಂಥದೇ ಮನೆಗಳಿಗಿಂತ ಶೇಕಡಾ 20ರಿಂದ 25ರಷ್ಟು ಹೆಚ್ಚೆಂದು ಕಂಡುಕೊಂಡಿತು. ನೋಡಬಂದವರು ಮೆಚ್ಚುವ ಸೌಂದರ್ಯಕ್ಕೆ ಹಸಿದವನ ಪಾಲಿಗೆ ಬೆಲೆ ಕಡಿಮೆಯೆಂದೂ ಅದು ವರದಿ ಮಾಡಿತು. 1898ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಬೋಗಿ ತಯಾರಿಸುವ ಕಂಪನಿಗೆ ಊರನ್ನು ಹೊಂದುವ ಅಧಿಕಾರವಿಲ್ಲವೆಂದು ತೀರ್ಪಿತ್ತಿತು. ಪುಲ್‌ಮನ್ ಆ ವೇಳೆಗೆ ತೀರಿಕೊಂಡಿದ್ದನು.

ಅಮೆರಿಕದಲ್ಲೇ ಇನ್ನೊಂದು ಪ್ರಸಂಗ ನಡೆಯಿತು. ಅಲಬಾಮಾ ರಾಜ್ಯದ ಚಿಕಸಾ ಎಂಬುದು ಹಡಗು ಕಟ್ಟುವ ಕಂಪನಿಯೊಂದರ ಊರು. ಅಲ್ಲಿನ ಕಾಲುದಾರಿಯಲ್ಲಿ ನಿಂತು ತನ್ನ ಮತದ ಪತ್ರಿಕೆಗಳನ್ನು ಹಂಚುತ್ತಿದ್ದ ಮಹಿಳೆಯೊಬ್ಬರನ್ನು, ಇದು ಖಾಸಗಿ ಜಾಗವೆಂದು ಹೇಳಿ ಬಂಧಿಸಲಾಯಿತು. 1946ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಆಕೆಯ ಪರವಾಗಿ ತೀರ್ಪು ನೀಡಿತು. ಸ್ವತ್ತನ್ನು ಸಾರ್ವಜನಿಕರ ಬಳಕೆಗೆ ತೆರೆದಷ್ಟೂ ಅದನ್ನು ಬಳಸುವವರ ಹಕ್ಕುಗಳಿಗೆ ಒಡೆಯನು ತಲೆಬಾಗಬೇಕು ಎಂಬುದು ಅದರ ತಿರುಳು.

ನಮ್ಮ ದೇಶದಲ್ಲಿ ಜಮ್ಷೆಡ್‌ಪುರದ ಕಥೆ ಇದಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು. ಉಕ್ಕಿನ ಕಾರ್ಖಾನೆಯ ಕನಸು ಕಂಡಿದ್ದ ಜಮ್ಷೆಡ್‌ಜಿ ಟಾಟಾ ಅವರು 1902ರಲ್ಲಿಯೇ ಮಗನಿಗೆ ಪತ್ರ ಬರೆದು, ಅಗಲವಾದ ಬೀದಿ, ನೆರಳಿನ ಮರ, ಹುಲ್ಲುಹಾಸು, ಆಟದ ಬಯಲು, ಎಲ್ಲ ಮತದವರ ಪ್ರಾರ್ಥನಾ ಮಂದಿರಗಳಿಗೆ ಸ್ಥಳ ಇವೆಲ್ಲವನ್ನೂ ಮರೆಯಬಾರದೆಂದು ಸೂಚಿಸಿದ್ದರು. ಪುಲ್‌ಮನ್‌ನ ಲೆಕ್ಕಾಚಾರಕ್ಕೂ ಈ ಔದಾರ್ಯಕ್ಕೂ ಅಜಗಜಾಂತರವಿದೆ. ಕನ್ನಡನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು ದೀರ್ಘಕಾಲ ಆ ಕಂಪನಿಯ ನಿರ್ದೇಶಕ ಮಂಡಲಿಯಲ್ಲಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ನೀರು, ದೀಪ, ಕಸವಿಲೇವಾರಿಗಳಲ್ಲಿ ಆ ನಗರವು ಅನೇಕ ನಗರಸಭೆಗಳನ್ನು ನಾಚಿಸುವಂತಿದೆ. ಆದರೂ ಅಲ್ಲಿನ ನಿವಾಸಿಗಳು ಶಾಸನಸಭೆಗೂ ಲೋಕಸಭೆಗೂ ಮತ ಹಾಕುತ್ತಾರೆಯೇ ಹೊರತು, ಕಾರ್ಖಾನೆಯ ಸುತ್ತಣ ಮುಖ್ಯ ನಗರಕ್ಕೆ ಚುನಾಯಿತ ಪೌರಸಭೆ ಬಂದಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಗಳಿಗೆ ಚುನಾಯಿತ ಆಡಳಿತವನ್ನು ವಿಧಿಸಿತಾದರೂ, ಕಾರ್ಖಾನೆಯೇ ಪೌರಸೌಕರ್ಯ ಒದಗಿಸುವ ಪ್ರದೇಶವನ್ನು ಕೈಗಾರಿಕಾ ಪಟ್ಟಣವೆಂದು ಸಾರಿ ಅದರಿಂದ ಹೊರಗಿಡಲು ರಾಜ್ಯಪಾಲರಿಗೆ ಅವಕಾಶ ಕೊಟ್ಟಿತು. ನಗರಸಭೆ ಬೇಕೆಂದು ನ್ಯಾಯಾಲಯಕ್ಕೆ ಹೋದವರೂ ಅಲ್ಲಿದ್ದಾರೆ, ಬೇಡವೇ ಬೇಡವೆನ್ನುವವರೂ ಇದ್ದಾರೆ.

ಬೇಡವೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಚುನಾಯಿತ ನಗರಸಭೆಗಳ ಚರಂಡಿಗಳನ್ನು ಕಂಡವರಾರೂ ಅವರನ್ನು ನೋಡಿ ನಗಲಾರರು. ಆದರೆ ಒಂದು ವ್ಯತ್ಯಾಸವುಂಟು. ಚರಂಡಿಯನ್ನು ಕಟ್ಟಿಸದ ಸದಸ್ಯನನ್ನು ಮುಂದಿನ ಚುನಾವಣೆಯಲ್ಲಿ ಮನೆಗೆ ಕಳುಹಿಸಬಹುದು. ಕಂಪನಿಯ ಅಧಿಕಾರಿಯನ್ನು ಆ ಬೀದಿಯ ಜನ ನೇಮಿಸಿದವರಲ್ಲ, ತೆಗೆಯಲೂ ಆರರು. ಅಧಿಕಾರಿ ಒಳ್ಳೆಯವನಾಗಿರುವುದು ಅವರ ಅದೃಷ್ಟ. ಅದೃಷ್ಟಕ್ಕೂ ಹಕ್ಕಿಗೂ ಇರುವ ದೂರ, ಕಂಪನಿಗೆ ಕಷ್ಟಕಾಲ ಬಂದಾಗ ಕಾಣುತ್ತದೆ. ಕೋಲಾರದ ಚಿನ್ನದ ಗಣಿಯ ಪ್ರದೇಶಕ್ಕೆ ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ತು ಹರಿದಿತ್ತು. ಮನೆ, ಆಸ್ಪತ್ರೆ ಎಲ್ಲವೂ ಗಣಿಯದೇ ಆಗಿದ್ದವು. 2001ರಲ್ಲಿ ಗಣಿ ಮುಚ್ಚಿತು. ಅದು ಆ ವೇಳೆಗೆ ಸರ್ಕಾರದ ಸ್ವಾಮ್ಯದಲ್ಲಿಯೇ ಇತ್ತು. ಆದರೂ ಊರಿನ ಉಸಿರು ಗಣಿಯ ಉಸಿರಿಗೆ ಗಂಟುಬಿದ್ದಿದ್ದರಿಂದ, ಕೆಲಸದೊಡನೆ ಆಸರೆಗಳೂ ಒಂದೊಂದಾಗಿ ಕಳಚಿಕೊಂಡವು.

ಈಚಿನ ವರ್ಷಗಳಲ್ಲಿ ಈ ವಿಚಾರ ಇನ್ನೂ ಮುಂದಕ್ಕೆ ಹೋಗಿದೆ. ಮಧ್ಯ ಅಮೆರಿಕದ ಹೊಂಡುರಾಸ್ ದೇಶವು 2013ರಲ್ಲಿ ಒಂದು ಕಾಯಿದೆ ಮಾಡಿ, ತನ್ನದೇ ಕಾನೂನು, ತನ್ನದೇ ತೆರಿಗೆಗಳುಳ್ಳ ವಿಶೇಷ ವಲಯಗಳಿಗೆ ಎಡೆಗೊಟ್ಟಿತು. ರೋವತಾನ್ ದ್ವೀಪದಲ್ಲಿ ಪ್ರಾಸ್ಪೆರಾ ಎಂಬ ಖಾಸಗಿ ನಗರ ತಲೆದೋರಿತು. ನೆರೆಯ ಹಳ್ಳಿಯವರಿಗೆ ತಮ್ಮ ನೆಲ ಹೋದೀತೆಂಬ ಭಯ ಹುಟ್ಟಿತು. 2022ರಲ್ಲಿ ಹೊಸದಾಗಿ ಆರಿಸಿ ಬಂದ ಶಾಸನಸಭೆ ಆ ಕಾಯಿದೆಯನ್ನು ರದ್ದುಮಾಡಿತು. ಒಡನೆಯೇ ಕಂಪನಿ ಅಂತರರಾಷ್ಟ್ರೀಯ ನ್ಯಾಯಪಂಚಾಯಿತಿಯ ಮೊರೆಹೊಕ್ಕು ಸುಮಾರು 1,070 ಕೋಟಿ ಡಾಲರುಗಳ ಪರಿಹಾರ ಕೇಳಿತು. ಐವತ್ತು ವರ್ಷಗಳ ಭದ್ರತೆಯ ಭರವಸೆ ತನಗೆ ದೊರೆತಿತ್ತೆಂಬುದು ಅದರ ವಾದ. 2024ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಇಂಥ ವಲಯಗಳೇ ಸಂವಿಧಾನಬಾಹಿರವೆಂದಿತು. ಬಂಡವಾಳ ಹೂಡಿದವನಿಗೆ ಭರವಸೆ ಬೇಕೆಂಬುದು ನ್ಯಾಯವೇ. ಆದರೆ ಒಂದು ಸರ್ಕಾರ ಕೊಟ್ಟ ಮಾತು ಇನ್ನೂ ಹುಟ್ಟದ ಮತದಾರರ ಕೈಯನ್ನೂ ಐವತ್ತು ವರ್ಷ ಕಟ್ಟಿಹಾಕುವುದಾದರೆ, ಆ ಮತದಾರರು ಆರಿಸುವುದಾದರೂ ಏನನ್ನು?

ಪುಲ್‌ಮನ್ ಊರಿನ ಮನೆಗಳು ನ್ಯಾಯಾಲಯದ ತೀರ್ಪಿನ ನಂತರ ಮೆಲ್ಲಮೆಲ್ಲನೆ ಮಾರಾಟವಾಗಿ ಅಲ್ಲಿ ವಾಸಿಸುವವರ ಕೈ ಸೇರಿದವು. 1960ರಲ್ಲಿ ಅವನ್ನು ಕೆಡವಿ ಕಾರ್ಖಾನೆಗಳಿಗೆ ಜಾಗ ಮಾಡಬೇಕೆಂಬ ಸಲಹೆ ಬಂದಿತು. ಊರಿನವರು ಸಂಘ ಕಟ್ಟಿಕೊಂಡು ಸಭೆ ಸೇರಿ ಅದನ್ನು ಎದುರಿಸಿದರು. ಆ ಇಟ್ಟಿಗೆಯ ಸಾಲುಮನೆಗಳು ಇಂದಿಗೂ ನಿಂತಿವೆ. 2015ರಲ್ಲಿ ಅಮೆರಿಕವು ಆ ಊರನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.