ಶರೀಫರ ಪದವೂ ಗಿಟಾರಿನ ನಾದವೂ



ರಘು ದೀಕ್ಷಿತರು 2008ರಲ್ಲಿ ಹೊರತಂದ ಮೊದಲನೆಯ ಗೀತಸಂಪುಟದ ವಿಷಯವಾಗಿ ನಮ್ಮ ಮಿತ್ರಮಂಡಲದಲ್ಲಿ ವಾದವು ಇನ್ನೂ ತೀರಿಲ್ಲ. ಎಂಟು ಹಾಡುಗಳಲ್ಲಿ ಎರಡು ಶಿಶುನಾಳ ಶರೀಫರವು: ಗುಡುಗುಡಿಯ ಪದ ಮತ್ತು ಸೋರುವ ಮಾಳಿಗೆಯ ಪದ. ಉಳಿದಾರು ಹೊಸ ರಚನೆಗಳು. ಸಂತರ ಮಗ್ಗುಲಲ್ಲಿ ಹೊಸಬರಿಗೆ ಆಸನವೇಕೆ, ಸಂತರ ಕೈಗೆ ಗಿಟಾರೇಕೆ ಎಂಬುದು ಆಕ್ಷೇಪ.

ಮುಧೋಳದ ನೆಲದ ಮೇಲೆ ನಿಂತು ಹೀಗೆ ಕೇಳುವದೇ ಸೋಜಿಗ! ಕ್ರಿ.ಶ. 949ರಲ್ಲಿ ಈ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಗದಾಯುದ್ಧವನ್ನು ರಚಿಸಿದ್ದು ಹೇಗೆ? ಪಂಪಭಾರತದ ಹದಿಮೂರನೆಯ ಆಶ್ವಾಸವನ್ನು ಎದುರಿಗಿಟ್ಟುಕೊಂಡು; ಭಾಸನ ಊರುಭಂಗ, ಭಟ್ಟನಾರಾಯಣನ ವೇಣೀಸಂಹಾರಗಳಿಂದ ಬೇಕಾದುದನ್ನು ತೆಗೆದುಕೊಂಡು. ಕೆಲವೆಡೆ ಪಂಪನ ಧ್ವನಿಯೇ ಕೇಳಿಸುವದು. ಅದರ ಪಕ್ಕದಲ್ಲಿಯೇ, ಪಂಪನಲ್ಲಿ ಸಂಕ್ಷೇಪವಾಗಿದ್ದ ದುರ್ಯೋಧನನ ರಣರಂಗದ ಪ್ರಲಾಪವು ಮೈದುಂಬಿ ಹರಿಯುವದು. ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಕಟ್ಟಿರೆಂದು ಯಾವ ಪಂಡಿತನೂ ರನ್ನನ ಮೇಲೆ ಫಿರ್ಯಾದಿ ತಂದುದನ್ನು ನಾನರಿಯೆ.

ಇನ್ನು ಗಿಟಾರಿನ ಮಾತು. ಮುಸಲ್ಮಾನ ಮನೆತನದಲ್ಲಿ 1819ರಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರ ಶಿಷ್ಯರಾದ ಶರೀಫರಿಗೆ ಮಡಿವಂತರ ಅಂಜಿಕೆಯಿದ್ದಿಲ್ಲ. ಗುಡುಗುಡಿಯಲ್ಲಿ ತತ್ತ್ವವನ್ನು ಕಂಡವರಿಗೆ ಆರು ತಂತಿಯ ವಾದ್ಯವು ಮೈಲಿಗೆಯಾದೀತೇ? ಮೊದಲು ಕಿವಿ ಮುಚ್ಚಿಕೊಂಡವನು ನಾನೂ ಅಹುದು. ಪಾಠಶಾಲೆಯಲ್ಲಿ ಪಳಗಿದ ಕಿವಿ, ಮೃದಂಗಕ್ಕಿಂತ ಗಟ್ಟಿಯಾದುದೆಲ್ಲವೂ ಅದಕ್ಕೆ ಗದ್ದಲವೇ. ಆದರೆ ಬನಹಟ್ಟಿಯ ಮಗ್ಗದ ಓಣಿಯಲ್ಲಿ, ಭಜನೆಯ ಕಡೆಗೆ ತಲೆಹಾಕದ ನೇಕಾರ ಹುಡುಗನೊಬ್ಬನು ಈ ಸಂಪುಟದಿಂದಲೇ ಕಲಿತ ಮಾಳಿಗೆಯ ಪದವನ್ನು ಗುನುಗುತ್ತಿದ್ದನು. ಅರ್ಥವೇನೆಂದು ಕೇಳಿದೆನು. “ಮನಿ ಅಂದ್ರ ಈ ಮೈ, ಅಲ್ಲೇನ್ರಿ ಸರ?” ಎಂದನು. ಈ ಉತ್ತರವನ್ನು ತರಗತಿಯಲ್ಲಿ ಹೊರಡಿಸುವದಕ್ಕೆ ನನಗೆ ಒಂದು ವಾರ ಹಿಡಿಯುತ್ತಿತ್ತು!

ಆಕ್ಷೇಪಿಸಬೇಕಾದುದು ಬೇರೆಯೇ ಉಂಟು. ಅದನ್ನು ಯಾರೂ ಎತ್ತುವದಿಲ್ಲ. ಸಂಪುಟದ ಕನ್ನಡ ಹಾಡುಗಳೆರಡೂ ಹತ್ತೊಂಬತ್ತನೆಯ ಶತಮಾನದವು. ಹೊಸವುಗಳಲ್ಲಿ ಐದು ಹಿಂದಿ, ಒಂದು ಇಂಗ್ಲಿಷು. ಮೈಸೂರಿನಲ್ಲಿ ಬೆಳೆದವರಿಗೆ ಹೊಸ ಹಾಡಿಗೆ ಕನ್ನಡವು ಸಾಲದಾಯಿತೇ? ಅಜ್ಜನ ಭಾವಚಿತ್ರವನ್ನು ಪಡಸಾಲೆಯಲ್ಲಿ ತೂಗಹಾಕಿ, ಮನೆಯೊಳಗೆ ಅಜ್ಜನ ಮಾತನ್ನೇ ಬಿಟ್ಟಂತಾಯಿತು. 2010ರ ‘ಜಸ್ಟ್ ಮಾತ್ ಮಾತಲ್ಲಿ’ಯಂಥ ಚಲನಚಿತ್ರಗಳಲ್ಲಿ ಅವರು ಕನ್ನಡಕ್ಕೆ ರಾಗ ಕೂಡಿಸಿದ್ದುಂಟು. ಅದು ಚಿತ್ರದವರು ಬೇಡಿದ ಕೆಲಸ. ಇದು ಅವರ ಸ್ವಂತ ಸಂಪುಟ.

ಮುಂದಿನ ಸಭೆಯಲ್ಲಿ ನಮ್ಮ ಆಕ್ಷೇಪಕರು ಗಿಟಾರನ್ನು ಬಿಟ್ಟು ಈ ಪ್ರಶ್ನೆಯನ್ನೆತ್ತಿದರೆ, ನಾನು ಎದ್ದುಹೋಗಿ ಅವರ ಸಾಲಿನಲ್ಲಿ ಕೂಡ್ರುವೆನು.